ಮೂರೂರಿನ ಸಾಕ್ಷಿ

ವೆಬ್‌ಸೈಟ್ ತೆರೆಯುತ್ತಿಲ್ಲವೆಂದು ಯಾರೇ ಏದುಸಿರು ಬಿಡುತ್ತ ಬರಲಿ, ಈರಣ್ಣ ಮೊದಲು ಅವರನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದು ತಂಬಿಗೆ ನೀರು ಕೊಡುತ್ತಿದ್ದ. ಅವರು ಕುಡಿದು ತಂಬಿಗೆ ಕೆಳಗಿಡುವವರೆಗೆ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. "ಸಿಟ್ಟಿಗೆದ್ದವಂಗ ಸರ್ವರ್ ಕಾಣೂದಿಲ್ಲ, ವೈರಿ ಕಾಣ್ತಾನ" ಎನ್ನುವುದು ಅವನ ಮಾತು. ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಇಕ್ಕಟ್ಟಾದ ಅಂಗಡಿಯಲ್ಲಿ ನಾನೂ ಕೊಡಗಟ್ಟಲೆ ನೀರು ಕುಡಿದವಳೇ.

ನಮ್ಮಪ್ಪನಂತೆ ಅವನ ಅಪ್ಪನೂ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವರು. ಒಂದೇ ಸಾಲಿನ ಮನೆಗಳಲ್ಲಿ ಬೆಳೆದದ್ದರಿಂದ ನನಗೆ ಅವನು ಅಣ್ಣ, ಅವನಿಗೆ ನಾನು ತಂಗಿ. ದಪ್ಪ ಮೀಸೆ, ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಶೇಂಗಾ ಸುಲಿಯುತ್ತ ಮಾತಾಡುವನು. ನಮ್ಮ ಕಡೆ ಇಂಟರ್ನೆಟ್ ಇನ್ನೂ ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಕಾಲ ಅದು. ಸರ್ವರ್ ಎಂದರೇನೆಂದು ನನಗೆ ತಿಳಿಸಿಕೊಟ್ಟವನೂ ಅವನೇ. "ಮಂದಿ ಮನ್ಯಾಗ ಬಾಡಿಗಿ ಹಿಡದ ಖೋಲಿ ಐತಲ್ಲ, ಅದ. ನಮ್ಮ ಸಾಮಾನು ಅದರಾಗ, ಕೀಲಿಕೈ ಅವರ ಕಡೆ."

ದೂರು ಬರೆಯುವುದರಲ್ಲಿ ಅವನ ಮಡಿಯೇ ಮಡಿ. ಮೂರು ಊರು ಸಾಕ್ಷಿ ಹೇಳದ ಹೊರತು ಸರ್ವರ್ ಸತ್ತಿದೆ ಎನ್ನುವಂತಿಲ್ಲ. ದಾಂಡೇಲಿಯಲ್ಲಿ ತೆರೆಯದಿದ್ದರೆ ಹಳಿಯಾಳದ ಸೈಬರ್ ಅಂಗಡಿಗೆ ಫೋನು, ಆಮೇಲೆ ಮುಂಡಗೋಡದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸದಾನಂದನಿಗೆ ಫೋನು. ಮೂರೂ ಕಡೆ ತೆರೆಯದಿದ್ದರೆ ಮಾತ್ರ ತಪ್ಪು ಸರ್ವರಿನದು. ಅಲ್ಲಿ ತೆರೆದರೆ ತಪ್ಪು ನಮ್ಮ ಮನೆಯದು. ದೂರಿನಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು, ಕಾಣದ್ದನ್ನು ಕಂಡಿಲ್ಲವೆಂದೇ ಬರೆಯಬೇಕು. ಕಳಿಸುವ ಮೊದಲು ಯಾರ ಮೇಲೆ ದೂರೋ ಅವರಿಗೊಮ್ಮೆ ತೋರಿಸಬೇಕು. ಬೆನ್ನ ಹಿಂದೆ ಬರೆದದ್ದು ದೂರಲ್ಲ, ಚಾಡಿ ಎನ್ನುತ್ತಿದ್ದ.

ಒಮ್ಮೆ ಎದುರಿನ ಫೋಟೊ ಸ್ಟುಡಿಯೋದವನು ತನ್ನ ಸೈಟು ತೆರೆಯಲಿಲ್ಲವೆಂದು ಸರ್ವರಿನವರಿಗೆ ಬಾಯಿಗೆ ಬಂದಂತೆ ಬೈದು ಪತ್ರ ಹಾಕಿಬಿಟ್ಟ. ಈರಣ್ಣ ಫೋನು ಹಚ್ಚಿ ಕೇಳಿದರೆ ಹಳಿಯಾಳದಲ್ಲೂ ಮುಂಡಗೋಡದಲ್ಲೂ ಸೈಟು ಸುಸೂತ್ರ. ಹುಡುಕುತ್ತ ಹೋದರೆ ಸ್ಟುಡಿಯೋದ ಅಟ್ಟದ ಮೇಲೆ ಇಲಿ ತಂತಿ ಕಡಿದಿತ್ತು. ಈರಣ್ಣ ಅವನನ್ನು ಬಿಡಲಿಲ್ಲ. "ಇಂಗ್ಲಿಷಿನಾಗ ಬೈದೀ, ಕ್ಷಮಾನೂ ಇಂಗ್ಲಿಷಿನಾಗ ಕೇಳು" ಎಂದು ಪಕ್ಕದಲ್ಲೇ ಕುಳಿತು ಬರೆಸಿದ. ಅವನು ತಿಣುಕಾಡಿದ್ದನ್ನು ನೆನೆದು ನಾವು ತಿಂಗಳುಗಟ್ಟಲೆ ನಕ್ಕೆವು. ಇಂಥವನೊಬ್ಬ ನಮ್ಮೂರಿನಲ್ಲಿದ್ದಾನೆಂದು ನನಗೆ ಹೆಮ್ಮೆಯೇ ಇತ್ತು.

ಅವನ ಧೈರ್ಯದ ಮೇಲೆಯೇ ನಾನು ಒಂದು ವೆಬ್‌ಸೈಟ್ ಶುರುಮಾಡಿದೆ. ಜೋಯಿಡಾ ಕಾಡಿನ ಹಳ್ಳಿಗಳಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳುವ ಮನೆಗಳ ಫೋಟೊ, ಊಟದ ವಿವರ, ಬುಕ್ಕಿಂಗ್ ಎಲ್ಲ ಅದರಲ್ಲಿ. ಕುಂಬಾರವಾಡದ ಶಾಂತಾಬಾಯಿಯದು ಅದರಲ್ಲಿ ಮೊದಲ ಮನೆ. ಗಂಡನಿಲ್ಲದ ಹೆಂಗಸು, ಅತಿಥಿಗಳು ಬಂದರೆ ಅವಳ ಸಂಸಾರ ನಡೆಯಬೇಕು. ಆ ವರ್ಷ ಈರಣ್ಣ, ಹಳೆಯ ಸರ್ವರ್ ಬೇಡ, ಹುಬ್ಬಳ್ಳಿಯಲ್ಲೊಂದು ಹೊಸ ಕಂಪನಿ ಬಂದಿದೆ, ಸೈಟನ್ನು ಅಲ್ಲಿಗೆ ಒಯ್ಯೋಣ ಎಂದ. ಒಯ್ದೆವು. ಏಕೆ ಎಂದು ನಾನು ಕೇಳಲಿಲ್ಲ. ಈರಣ್ಣನನ್ನು ಏಕೆ ಎಂದು ಕೇಳುವವರಾದರೂ ಯಾರು?

ಅಲ್ಲಿಂದ ಶನಿವಾರ ಬಂತೆಂದರೆ ಸೈಟು ಗೊಟಕ್ ಎನ್ನಲು ಶುರುವಾಯಿತು. ಪ್ರವಾಸಿಗರು ಹುಡುಕುವುದೂ ಅಂದೇ. ನಾನು ಓಡಿಹೋದರೆ ಅದೇ ಸ್ಟೂಲು, ಅದೇ ನೀರು. ಈರಣ್ಣ ಫೋನು ಹಿಡಿದು ಒಳಕೋಣೆಗೆ ಹೋಗಿ ಬಂದು, ಹಳಿಯಾಳದಲ್ಲಿ ಚೊಕ್ಕ ತೆರೆಯುತ್ತಿದೆ, ಮುಂಡಗೋಡದಲ್ಲೂ ತೆರೆಯುತ್ತಿದೆ, ನಿನ್ನ ಲೈನು ನೋಡಿಕೋ ಎನ್ನುತ್ತಿದ್ದ. ಅವನ ಕಂಪ್ಯೂಟರಿನಲ್ಲೇ ತೆರೆದು ತೋರಿಸು ಎಂದು ನಾನು ಕೇಳಲೂ ಇಲ್ಲ. ನಾನು ಮೋಡೆಮ್ ಬದಲಿಸಿದೆ, ತಂತಿ ಬದಲಿಸಿದೆ. ಟೆಲಿಫೋನ್ ಆಫೀಸಿನವರು ನನ್ನನ್ನು ಕಂಡರೆ ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋಗುವಷ್ಟು ಅಲೆದೆ.

ಈ ನಡುವೆ ಒಂದು ದಿನ ಶಾಂತಾಬಾಯಿ ಬೆಳಗಿನ ಬಸ್ಸು ಹಿಡಿದು ಬಂದಳು. ಸಂಜೆಯವರೆಗೆ ವಾಪಸು ಬಸ್ಸಿಲ್ಲ. ಇಡೀ ದಿನ ಕಳೆಯಲು ತಯಾರಾಗಿಯೇ ಬಂದಿದ್ದಳು. ಕೊಂಕಣಿ ಬೆರೆಸಿದ ಕನ್ನಡದಲ್ಲಿ ಅವಳು ಕೇಳಿದ್ದು ಒಂದೇ: ಹಾಲು ಕೊಡುವ ಎಮ್ಮೆ ಮಾರಿ ಅತಿಥಿಗಳಿಗೆಂದು ಒಂದು ಪಕ್ಕಾ ಬಚ್ಚಲು ಕಟ್ಟಿಸಲೇ, ಈ ಕಂಪ್ಯೂಟರನ್ನು ನಂಬಬಹುದೇ? ನಾನು ಅವಳನ್ನು ಈರಣ್ಣನ ಅಂಗಡಿಗೇ ಕರೆದುಕೊಂಡು ಹೋದೆ. ಅವನು ಅವಳಿಗೂ ನೀರು ಕೊಟ್ಟ. ಮುಖವೆತ್ತಿ ನೋಡಿ, "ಧೈರ್ಯಲೆ ಕಟ್ಟಸು ಬಾಯಿ" ಅಂದ. ಎಮ್ಮೆ ಹೋಯಿತು, ಬಚ್ಚಲು ಎದ್ದಿತು, ಅತಿಥಿಗಳು ಬರಲಿಲ್ಲ. ತಿಂಗಳುಗಳ ಮೇಲೆ ದಾರಿ ತಪ್ಪಿ ಬಂದ ಗೋವಾದ ಒಂದು ಕುಟುಂಬ, ನಿಮ್ಮ ಸೈಟು ಎಂದೂ ತೆರೆಯುವುದಿಲ್ಲ, ಮನೆ ಮುಚ್ಚಿದ್ದೀರೆಂದುಕೊಂಡೆವು ಎಂದಿತಂತೆ. ಶಾಂತಾಬಾಯಿ ಅದನ್ನು ಹೇಳಿದಾಗ, ಒಬ್ಬರ ಮಾತು ಸಾಕ್ಷಿಯಲ್ಲ ಎಂದು ನಾನು ಈರಣ್ಣನ ಪಾಠವನ್ನೇ ಅವಳಿಗೆ ಒಪ್ಪಿಸಿದೆ. 

ಆ ವಾರವೇ ಸಂಬಂಧಿಕರ ಮನೆಯ ಕಾರ್ಯಕ್ಕೆಂದು ಮುಂಡಗೋಡಕ್ಕೆ ಹೋಗಿದ್ದೆ. ಸಂತೆಯ ಗದ್ದಲದಲ್ಲಿ ಸದಾನಂದ ಸಿಕ್ಕ. ವಾರವಾರವೂ ನಮಗಾಗಿ ಸೈಟು ನೋಡುತ್ತೀರಿ, ಉಪಕಾರವಾಯಿತು ಎಂದೆ. ಅವನು ಕೈಚೀಲ ಕೆಳಗಿಟ್ಟು ನನ್ನನ್ನೇ ನೋಡಿದ. "ಯಾವ ಸೈಟ್ ರೀ? ನಮ್ಮ ಕ್ಲಾಸಿನಾಗ ಇಂಟರ್ನೆಟ್ ತಗಿಸಿ ಬ್ಯಾಸಗಿ ಕಳೀತು. ಈರಣ್ಣ ಫೋನ್ ಮಾಡೂದ ಬಿಟ್ಟಾನ." ಆಮೇಲೆ ಅವನಾಗಿಯೇ ಇನ್ನೊಂದು ಮಾತು ಸೇರಿಸಿದ. ಈರಣ್ಣ ಈಗ ಆ ಹುಬ್ಬಳ್ಳಿ ಕಂಪನಿಯ ಕಮಿಷನ್ ಏಜೆಂಟು. ಒಂದು ಸಣ್ಣ ಸರ್ವರಿನಲ್ಲಿ ಗಿರಾಕಿಗಳನ್ನು ಟೆಂಪೊದಲ್ಲಿ ಮಂದಿ ತುಂಬಿದ ಹಾಗೆ ತುಂಬಿದ್ದಾನೆ. ಏಜೆಂಟನಾಗು ಬಾ ಎಂದು ತನ್ನನ್ನೂ ಕರೆದಿದ್ದನಂತೆ.

ಸಂತೆಯಿಂದ ನೇರ ಫೋನ್ ಬೂತಿಗೆ ಹೋದೆ. ಹಳಿಯಾಳಕ್ಕೆ ಫೋನು ಮಾಡಿ ಕೇಳಿದೆ. ಈರಣ್ಣನ ಫೋನು ಅಲ್ಲಿಗೂ ಬಂದಿರಲಿಲ್ಲ. ಹಾಗಾದರೆ ಒಳಕೋಣೆಯಲ್ಲಿ ಅವನು ಯಾರ ಜೊತೆ ಮಾತಾಡುತ್ತಿದ್ದ? ಏಜೆಂಟನಾದದ್ದು ನನಗೆ ಸಂಕಟವಲ್ಲ, ಹೊಟ್ಟೆಪಾಡು ಯಾರಿಗಿಲ್ಲ. ಸುಳ್ಳು ಹೇಳಲು ಬೇರೆ ದಾರಿ ನೂರಿದ್ದವು. ನನಗೆ ಕಲಿಸಿದ ನ್ಯಾಯವನ್ನೇ ಹಗ್ಗ ಮಾಡಿ ನನ್ನನ್ನೇ ಕಟ್ಟಿಹಾಕಿದನಲ್ಲ, ಅದು ಇಂದಿಗೂ ಉರಿಯುತ್ತದೆ. ಎಲ್ಲವನ್ನೂ ಪರೀಕ್ಷಿಸು ಎಂದು ಕಲಿಸಿದವನನ್ನು ಪರೀಕ್ಷಿಸಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಸಾಕ್ಷಿ ಮೂರೂರಿನದು, ಬಾಯಿ ಮಾತ್ರ ಒಂದೇ.

ಆ ಅಂಗಡಿಯಲ್ಲೀಗ ಹೊಲಿಗೆ ಯಂತ್ರಗಳು ಓಡುತ್ತವೆ. ಈರಣ್ಣ ಬೆಳಗಾವಿ ಕಡೆ ಹೋದನೆನ್ನುತ್ತಾರೆ, ನಾನು ವಿಚಾರಿಸಲು ಹೋಗಿಲ್ಲ. ನನ್ನ ಸೈಟು ಬೇರೆ ಸರ್ವರಿನಲ್ಲಿದೆ. ಅದು ತೆರೆಯದ ದಿನ ಹಳಿಯಾಳಕ್ಕೂ ಕುಂಬಾರವಾಡಕ್ಕೂ ನಾನೇ ಫೋನು ಹಚ್ಚುತ್ತೇನೆ.

ಕೊನೆಯ ಸಲ ಅವನ ಅಂಗಡಿಗೆ ಹೋದದ್ದು ಒಂದು ಕಾಗದ ಹಿಡಿದುಕೊಂಡು. ಸೈಟಿನಲ್ಲಿದ್ದ ಮನೆಗಳವರಿಗೆಲ್ಲ ನಡೆದದ್ದನ್ನು ತಿಳಿಸುವ ಪತ್ರ ಅದು. ಕಳಿಸುವ ಮೊದಲು ಯಾರ ಮೇಲೆ ದೂರೋ ಅವರಿಗೆ ತೋರಿಸಬೇಕಲ್ಲ, ತೋರಿಸಲು ಹೋಗಿದ್ದೆ. ಸ್ಟೂಲಿನ ಮೇಲೆ ನಾನು ಕೂಡಲಿಲ್ಲ, ಅವನು ನೀರು ಕೊಡಲಿಲ್ಲ. ಕನ್ನಡಕ ಏರಿಸಿ ಸಾವಕಾಶ ಓದಿದ. ತಪ್ಪಾಯಿತೆನ್ನುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದು ಕಾಯುತ್ತಿದ್ದೆ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಸರ್ವರ್ ಕೆಟ್ಟದ್ದೆಂದು ಈರಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಬರೆದಿದ್ದೆ.

"ಮೊದಲಿಂದ ಅಂತ ಬರದೀ. ಕಂಡೀಯೇನು?"

ಆಗಲೂ ನನಗೆ ಪಾಠ. ಮೈಯೆಲ್ಲ ಉರಿದುಹೋಯಿತು. ಆದರೂ ಅವನು ಕೇಳಿದ್ದು ಸರಿಯಿತ್ತು, ನಾನು ಕಂಡಿರಲಿಲ್ಲ.

"ಕಂಡಿಲ್ಲ. ಯಾವಾಗಿಂದ ಗೊತ್ತಿತ್ತು, ನೀವ ಹೇಳ್ರಿ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಕಾರವಾರದ ಬಸ್ಸು ಹೊರಟು ಧೂಳು ಒಳಗೆ ಬಂತು.

"ಶಾಂತಾಬಾಯಿ ಬಚ್ಚಲ ಕಟ್ಟಸ್ಲೇನು ಅಂತ ಕೇಳಾಕ ಬಂದಿದ್ಲಲ್ಲ," ಅಂದ. "ಅದರ ಹಿಂದಿನ ವಾರ."

ನಾನು ಆ ಸಾಲು ಹೊಡೆದುಹಾಕಿ, ಅವನು ಹೇಳಿದ್ದನ್ನು ಅಲ್ಲಿಯೇ ನಿಂತು ಬರೆದೆ.  ಕಾಗದವನ್ನು ಅವನ ಕಡೆ ತಿರುಗಿಸಿದೆ. ಅವನು ಇನ್ನೊಮ್ಮೆ ಓದಿ ನನ್ನ ಕಡೆಗೆ ಸರಿಸಿದ.

"ಈಗ ಬರೋಬ್ಬರಿ ಐತಿ," ಅಂದ.