ಏಳನೆಯ ಗುಂಡಿ

ನನ್ನೆದುರು ಯಾರಾದರೂ ಶಕುನ, ಗಾಳಿ ಸೋಕು ಎಂದು ಬಾಯಿ ತೆಗೆದರೆ ಸಾಕು, ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಮಣ್ಣು, ನೀರು, ಇಳಿಜಾರು ಎಂದು ಪಾಠ ಮಾಡಿದವನು ನಾನು. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನಗುವುದಾದರೆ ನಗಿ.

ತೊಂಬತ್ತರ ದಶಕದ ಕೊನೆ. ಉತ್ತರಹಳ್ಳಿಯ ಆಚೆ ಒಂದು ಬತ್ತಿದ ಕೆರೆ. ಅದರ ಏರಿ ಒಡೆದು ಸೈಟು ಮಾಡಲು ಬುಲ್ಡೋಜರ್ ಬಂದು ನಿಂತಿತ್ತು. ಏರಿ ಹಳೆಯ ಕಾಲದ್ದೆಂದು ಸೋಮವಾರದೊಳಗೆ ಅಧಿಕಾರಿಗೆ ಪುರಾವೆ ಕೊಟ್ಟರೆ ಮಾತ್ರ ಉಳಿಯುತ್ತಿತ್ತು. ಕಲ್ಲಿನ ತೂಬು, ಅಂದರೆ ಕೆರೆಯ ನೀರನ್ನು ಗದ್ದೆಗೆ ಬಿಡುವ ಕಂಡಿ, ಸಿಕ್ಕಿದರೆ ಸಾಕಿತ್ತು. ನಾನೂ, ಇತಿಹಾಸ ಕಲಿಸುತ್ತಿದ್ದ ಗದಗಿನ ಸಹೋದ್ಯೋಗಿ ಸುವರ್ಣಾ ಅವರೂ ಶನಿವಾರವಿಡೀ ಬಿಸಿಲಲ್ಲಿ ನಿಂತು ಆರು ಗುಂಡಿ ತೆಗೆಸಿದೆವು. ಬರೀ ಮಣ್ಣು. ಪ್ರತಿ ಗುಂಡಿಯ ವಿವರ ನಾನು ಒಂದು ಪುಸ್ತಕದಲ್ಲಿ ಬರೆಯಬೇಕು, ಅವರು ಅಲ್ಲೇ ಓದಿ ಸಹಿ ಹಾಕಬೇಕು, ಇದು ನಮ್ಮ ಪದ್ಧತಿ.

ಭಾನುವಾರ ಬೆಳಿಗ್ಗೆ ಜಯನಗರದ ಮನೆಯಲ್ಲಿ, ಏನೂ ಸಿಗಲಿಲ್ಲವೆಂದು ವರದಿ ಬರೆಯಲು ಆ ಪುಸ್ತಕ ತೆರೆದೆ. ಅದರಲ್ಲಿ ಏಳನೆಯ ಗುಂಡಿಯೊಂದಿತ್ತು. 'ಹುಣಸೆ ಮರದಿಂದ ಮೂಡಣಕ್ಕೆ ಹನ್ನೆರಡು ಹೆಜ್ಜೆ. ಮೂರಡಿ ಕೆಳಗೆ ತೂಬಿನ ಕಲ್ಲು.' ಅಕ್ಷರ ನನ್ನದೇ. ಕೆಳಗೆ ಸುವರ್ಣಾ ಸಹಿ.

ಅವರು ಬಾಡಿಗೆಗಿದ್ದ ಬಿಟಿಎಂ ಬಡಾವಣೆಯ ಮನೆಗೆ ಸ್ಕೂಟರ್ ಓಡಿಸಿದೆ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸಹಿ ನಂದಽ ಐತ್ರಿ ಸರ. ಆದ್ರ ನಾವು ತಗಸಿದ್ದು ಆರಽ ಅಲ್ರಿ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತ ಬಂದೆ ಕಣ್ರೀ ಮೇಡಂ!" ಎಂದು ರೇಗಿದೆ. ಸಿಟ್ಟಲ್ಲ, ಭಯ.

ಮಧ್ಯಾಹ್ನ ಇಬ್ಬರೂ ಹೋಗಿ ಹೆಜ್ಜೆ ಎಣಿಸಿದೆವು. ಹನ್ನೆರಡನೆಯದರ ಕೆಳಗೆ ಯಾರೂ ಮುಟ್ಟದ ಗಟ್ಟಿ ನೆಲ, ಮೇಲೆ ಗರಿಕೆ ಬೇರೆ. ಆಳುಗಳನ್ನು ಕರೆದು ಅಗೆಸಿದೆವು. ಮೂರಡಿಗೆ ಹಾರೆ ಠಣ್ ಎಂದಿತು. ಸುವರ್ಣಾ ಅಳತೊಡಗಿದರು. ನನಗೆ ಸಂತೋಷಪಡಲೂ ಆಗಲಿಲ್ಲ, ಪುಸ್ತಕ ತೆರೆದು ಆ ಸಾಲನ್ನೇ ಮತ್ತೆ ಓದಿದೆ.

ಏರಿ ಉಳಿಯಿತು. "ಅಲ್ಲೇ ಇದೆ ಅಂತ ಹೆಂಗ್ ಗೊತ್ತಾಯ್ತು ಸಾರ್?" ಎಂದು ಅಧಿಕಾರಿ ಕೇಳಿದಾಗ "ಮಣ್ಣಿನ ಬಣ್ಣ ನೋಡಿ" ಎಂದೆ. ಸುಳ್ಳು. ಮುಂದೆ ಎಷ್ಟೋ ಸೆಮಿನಾರುಗಳಲ್ಲಿ ಅದೇ ಸುಳ್ಳಿಗೆ ಚಪ್ಪಾಳೆ ತಟ್ಟಿಸಿಕೊಂಡೆ.

ದಣಿವಿನಲ್ಲಿ ನೀವೇ ಗೀಚಿರಬೇಕು ಎನ್ನುತ್ತೀರಿ. ಆಯಿತಪ್ಪಾ, ಗೀಚಿದೆ. ಕಲ್ಲು ಅಲ್ಲಿತ್ತಲ್ಲ! ಅದನ್ನು ಯಾರ ಮುಂದೆ ಬಿಡಿಸಿ ಹೇಳಲಿ?

ಕೆಲವು ವರ್ಷಗಳ ಮೇಲೆ ಇನ್ನೊಂದು ಕೆರೆಗೆ ಇದೇ ಗತಿ ಬಂತು. ಅಲ್ಲಿ ಒಂಬತ್ತು ಗುಂಡಿ ತೆಗೆಸಿದೆವು, ಏನೂ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ, ದೆವ್ವ ನಂಬದ ಮೇಷ್ಟ್ರಾದ ನಾನು, ಹತ್ತನೆಯದೊಂದು ಇರಲಿ ದೇವರೇ ಎಂದುಕೊಂಡು ಪುಸ್ತಕ ತೆರೆದೆ. ಪುಟ ಖಾಲಿ ಇತ್ತು.