ಅಪ್ಪನ ಮೈಕಿನ ಸುದ್ದಿ

ಮದ್ದೂರಿನಲ್ಲಿ ನಾನೂ ಗೆಳೆಯನೂ ಸೇರಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟಿದ್ದೆವು. ನಾಟಕದ ಮೈಕುಗಳೆಲ್ಲ ಕಂಪ್ಯೂಟರಿಗೆ ಬಂದು ಅಲ್ಲಿಂದ ಸ್ಪೀಕರಿಗೆ ಹೋಗುವ ಹಾಗೆ ಆಡಿಯೋ ಸರ್ವರ್ ಸಾಫ್ಟ್‌ವೇರನ್ನೂ ನಾವೇ ಬರೆದಿದ್ದೆವು. ಅದರಲ್ಲಿ ದನಿ ಸಾಗಿಸುವ ಥ್ರೆಡ್, ಅಂದರೆ ಆ ಕೆಲಸಕ್ಕೇ ಮೀಸಲಾದ ಎಳೆ, ಇದೆಯಲ್ಲ, ಅದು ಯಾರಿಗೂ ಕಾಯುವ ಹಾಗಿಲ್ಲ. ಕಾದರೆ ಸ್ಪೀಕರು ಕರಕರ ಅನ್ನುತ್ತೆ. ಯಾವುದಾದರೂ ಮೈಕು ಸತ್ತರೆ ಆ ಸುದ್ದಿಯನ್ನು ಕಂಪ್ಯೂಟರ್ ಪರದೆಗೆ ಒಯ್ಯುವ ಕೊಳವೆಗೆ, ಅಂದರೆ ಸಾಕೆಟ್‌ಗೆ ಎಸೆದು ತನ್ನ ಪಾಡಿಗೆ ಮುಂದೆ ಹೋಗಬೇಕು. ಸಾಕೆಟ್ ತುಂಬಿದ್ದರೆ ಸುದ್ದಿ ಬಿದ್ದುಹೋಗುತ್ತೆ. ಆಗ ‘ಹೋಗಲಿಲ್ಲ’ ಅಂತ ಗುರುತಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮತ್ತೆ ಕಳಿಸಬೇಕು, ಪರದೆಯ ಮೇಲೆ ಕೆಂಪು ಚುಕ್ಕಿ ತೋರಿಸಬೇಕು. ಕೋಡಿನ ಈ ನಾಲ್ಕು ಸಾಲಿಗಾಗಿ ಗೆಳೆಯನ ಜೊತೆ ಜಗಳವನ್ನೇ ಆಡಿದ್ದೆ. “ಆಯ್ತು ಬುಡ್ಲಾ, ಆಕಿವ್ನಿ” ಅಂದ. ನಂಬಿದೆ.

ಮಂಡ್ಯದಲ್ಲಿ ಹಗಲು ನಾಟಕ, ಸೌಂಡು ನಮ್ಮದೇ. ನಮ್ಮಪ್ಪನಿಗೆ ದರ್ಬಾರಿನ ದೃಶ್ಯದಲ್ಲಿ ಒಂದೇ ಒಂದು ಪದ್ಯ. ಆರು ತಿಂಗಳಿಂದ ಗದ್ದೆಗೆ ನೀರು ಕಟ್ಟುವಾಗಲೂ ಅದನ್ನೇ ಹಾಡುತ್ತಿದ್ದ. ಜನ ಒಂದು ಸಲ ‘ಒನ್ಸ್ ಮೋರ್’ ಅನ್ನಬೇಕು, ಅಷ್ಟೇ ಅವನ ಆಸೆ.

ನಾನು ಸೈಡ್‌ವಿಂಗಿನ ಹಿಂದೆ ಕೂತಿದ್ದೆ. ಅಲ್ಲಿಗೆ ಅಪ್ಪನ ಗಂಟಲೇ ನೇರವಾಗಿ ಕೇಳುತ್ತೆ, ಸ್ಪೀಕರಿನಲ್ಲಿ ಬಂತೋ ಇಲ್ಲವೋ ತಿಳಿಯಲ್ಲ. ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ನೋಡುತ್ತಿದ್ದೆ, ಎಲ್ಲ ಹಸಿರು. ಪದ್ಯ ಮುಗಿಯಿತು. ಒನ್ಸ್ ಮೋರ್ ಬರಲಿಲ್ಲ. “ಏನೂ ಕೇಳಕಿಲ್ಲ, ಒಳಕ್ ನಡಿಯಯ್ಯ” ಅಂತ ಹಿಂದಿನಿಂದ ಯಾರೋ ಕೂಗಿದರು.

ಅಪ್ಪನ ಮೈಕು ಪದ್ಯದ ಮೊದಲ ಸಾಲಿಗೇ ಸತ್ತಿತ್ತು. ಅದೇ ಹೊತ್ತಿಗೆ ಮಿಕ್ಕ ಮೈಕುಗಳ ದನಿಯ ಏರಿಳಿತದ ಸುದ್ದಿಯೆಲ್ಲ ನುಗ್ಗಿ ಸಾಕೆಟ್ ತುಂಬಿತ್ತು. ಗೊತ್ತಾಗಿದ್ದರೆ ಮೇಲೆ ನೇತುಹಾಕಿದ್ದ ಮೈಕು ತೆರೆಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಲ್ಲೇ ಕೋಡ್ ತೆಗೆದು ನೋಡಿದೆ. ಆ ನಾಲ್ಕು ಸಾಲು ಇರಲೇ ಇಲ್ಲ.

“ಮಳವಳ್ಳಿ ಗಿರಾಕಿ ಕೆಂಪು ಚುಕ್ಕಿ ನೋಡಿ ಎದರ್ಕಂಡ ಕಣ್ಲಾ, ಅದಕ್ಕೇ ತೆಗ್ದಾಕ್ದೆ. ಯೋಳವ ಅನ್ಕಂಡಿದ್ದೆ, ಮರ್ತೋಯ್ತು” ಅಂದ ಗೆಳೆಯ.

ಮರೆತನಂತೆ, ಕಳ್ಳ! ತೆಗೆದು ಎರಡು ತಿಂಗಳಾಗಿತ್ತು. ದಿನಾ ನನ್ನ ಎದುರೇ ಕೂತು ಟೀ ಕುಡಿದಿದ್ದಾನೆ. ಅದೂ ಸಾಲದು ಅಂತ ನನಗಿಂತ ಮುಂಚೆ ಅಪ್ಪನ ಹತ್ತಿರ ಹೋಗಿ, “ನಿನ್ ಮಗ ನೋಡ್ಕಬೇಕಿತ್ತು ಕನ ಮಾವ” ಅಂತ ಹೇಳಿ ಬಂದಿದ್ದ. ನಾನೂ ಬಣ್ಣದ ಕೋಣೆಗೆ ನಡೆದೆ.

ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಸಾಕೆಟ್ಟು, ಬಿದ್ದುಹೋದ ಸುದ್ದಿ, ಗೆಳೆಯ ಮಾಡಿದ ಮೋಸ, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

“ಅವ್ನು ಮೋಸ ಮಾಡ್ದ, ಸರಿ. ನಾನು ನಿನ್ ಕಡೀಕೆ ತಿರುಗಿ ಮೂರ್ ಸಲ ಕೈ ಮಾಡ್ದೆ. ನೀನ್ಯಾಕ್ಲಾ ತಲೆನೇ ಎತ್ನಿಲ್ಲ?”