ವೂಚ್ ನಗರದ ಉಳಿದರ್ಧ

2023ರ ಡಿಸೆಂಬರಿನಲ್ಲಿ ನಾನು ಬಾದಾಮಿಯಲ್ಲಿ ಪರವಾನಗಿ ಪಡೆದ ಪ್ರವಾಸಿ ಗೈಡ್ ಆಗಿದ್ದೆ. ಈಗಲೂ ಆಗಿದ್ದೇನೆ, ಮೊಣಕಾಲು ಮಾತ್ರ ಮೊದಲಿನ ಹಾಗೆ ಮಾತು ಕೇಳುವುದಿಲ್ಲ. ಗುಹೆಗಳ ಮೆಟ್ಟಿಲು ಹತ್ತಿ ಇಳಿಯುತ್ತ, ಪಟ್ಟದಕಲ್ಲಿನ ಬಿಸಿಲಿನಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು, ಅದೇ ಮಾತನ್ನು ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಹೇಳುತ್ತ ಬದುಕಿದವನು ನಾನು. ಈ ಕೆಲಸದಲ್ಲಿ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಬಂದವನು ಶಿಲ್ಪದ ಮೂಗಿಗೆ ಬೆರಳು ಹಚ್ಚಿದರೂ ನಗುತ್ತಲೇ ಬೇಡ ಎನ್ನಬೇಕು. ಹುಟ್ಟಿನಿಂದ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಆದರೂ ಕೆಲಸದ ನಡುವೆ ಅದನ್ನು ಬಾಯಿಬಿಟ್ಟು ತೋರಿಸಿದ್ದು ಒಂದೇ ಸಲ, ಇಳಕಲ್ಲಿನಲ್ಲಿ. ಅದಕ್ಕೆ ಕಾರಣವಾದದ್ದು ನಾನು ಕಣ್ಣಿಂದ ಕಾಣದ ಪೋಲೆಂಡ್ ದೇಶದ ಒಂದು ದೊಡ್ಡ ಊರು.

ಒಂದು ಕಂಪನಿಯವರು ನನಗೆ ಫೋನ್ ಮಾಡಿದರು. ಕಂಪನಿಯ ಹೆಸರು ಇಲ್ಲಿ ಬೇಡ. ಹಳೆಯ ಕಟ್ಟಡಗಳಿಗೆ ಹೊಸ ಜೀವ ಕೊಡುತ್ತೇವೆ ಎನ್ನುವುದು ಅವರ ವ್ಯಾಪಾರ. ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಸೇರಿದ ಹಳೆಯ ಮಗ್ಗದ ಶೆಡ್ಡಿನ ಮೇಲೆ ಅವರ ಕಣ್ಣು ಬಿದ್ದಿತ್ತು. ಅಲ್ಲಿ ಸೀರೆ ಅಂಗಡಿ, ಕಾಫಿ ಅಂಗಡಿ, ನಿಂತು ಫೋಟೊ ತೆಗೆಸಿಕೊಳ್ಳಲು ಬಣ್ಣದ ಗೋಡೆ ಎಲ್ಲ ಸೇರಿಸಿ ಒಂದು ‘ಅನುಭವ ಕೇಂದ್ರ’ ಮಾಡುತ್ತಾರಂತೆ. ಬಸವಣ್ಣನ ಸೀಮೆಯಲ್ಲಿ ನಿಂತು ಕಾಫಿ ಅಂಗಡಿಗೆ ಅನುಭವ ಎಂದು ಹೆಸರಿಡಲು ಎಂಥ ಎದೆಗಾರಿಕೆ ಬೇಕೋ! ಇದೆಲ್ಲ ಆಗಬೇಕಾದರೆ ಸಂಘದ ಸದಸ್ಯರು ಸಭೆಯಲ್ಲಿ ಕೈ ಎತ್ತಿ ಒಪ್ಪಬೇಕು. ಒಪ್ಪಿಸಲಿಕ್ಕೆಂದು ಪೋಲೆಂಡಿನ ಗೈಡ್ ಒಬ್ಬರನ್ನು ಕರೆಸಿದ್ದರು. ಅವರ ಊರಿನಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಗಳು ಈಗ ಅಂಗಡಿ ಮತ್ತು ಹೋಟೆಲುಗಳಾಗಿ ಝಗಮಗಿಸುತ್ತಿವೆ, ಅದನ್ನು ಅವರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಹೇಳಬೇಕು. ಅದಕ್ಕೆ ಮೊದಲು ಒಂದು ದಿನ ಅವರಿಗೆ ಬಾದಾಮಿ, ಪಟ್ಟದಕಲ್ಲು ತೋರಿಸಬೇಕು. ಒಪ್ಪಿಕೊಂಡೆ.

ಬಂದವರ ಹೆಸರು ಹಲಿನಾ. ಅರವತ್ತರ ಆಸುಪಾಸು, ಗಿಡ್ಡ ಬಿಳಿ ಕೂದಲು, ನಡೆದು ನಡೆದು ಸವೆದ ಬೂಟು. ಬೂಟು ನೋಡಿಯೇ ನಮ್ಮ ಕಸುಬಿನವರು ಎಂದು ಗೊತ್ತಾಯಿತು. ಪಟ್ಟದಕಲ್ಲಿನಲ್ಲಿ ನಾನು ನನ್ನ ಎಂದಿನ ಮಾತೆಲ್ಲ ಒಪ್ಪಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಕಲ್ಲು ಕಡೆದವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ತಮ್ಮ ಊರಿನಲ್ಲಿ ಗಿರಣಿ ಮಾಲಕರ ಅರಮನೆಯೂ ಉಳಿದಿದೆ, ರಸ್ತೆಯ ಆಚೆ ಕೆಲಸಗಾರರಿಗೆ ಕಟ್ಟಿಸಿದ ಕೆಂಪು ಇಟ್ಟಿಗೆಯ ಮನೆಗಳ ಸಾಲೂ ಉಳಿದಿದೆ ಎಂದರು. ಬಂದವರಿಗೆ ಎರಡನ್ನೂ ತೋರಿಸದೆ ತಾನು ಬಿಡುವುದಿಲ್ಲವಂತೆ.

ಮರುದಿನ ಬೆಳಿಗ್ಗೆ ಇಳಕಲ್ಲಿಗೆ ಹೊರಟೆವು. ಅಮೀನಗಡದಲ್ಲಿ ಚಹಾ ಕುಡಿದು, ಕರದಂಟು ಜಗಿಯುತ್ತ, ಹುನಗುಂದ ದಾಟುವವರೆಗೂ ಅವರು ತಮ್ಮ ಊರಿನ ಕಥೆ ಹೇಳಿದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ಲೋಡ್ಜ್ ಎನ್ನಬೇಕೆನಿಸುವ ಆ ಊರಿಗೆ ಅವರ ಬಾಯಲ್ಲಿ ವೂಚ್ ಎಂದು ಹೆಸರು. ದೋಣಿ ಎಂದು ಅರ್ಥ. ಊರಿನ ಲಾಂಛನದಲ್ಲೂ ದೋಣಿಯೇ ಇದೆ, ಆದರೆ ಊರೊಳಗೆ ದೋಣಿ ಬಿಡುವಂಥ ಹೊಳೆ ಇಲ್ಲ. ಗಿರಣಿಗಳಿಗೆ ನೀರು ಕೊಟ್ಟ ಹಳ್ಳಗಳನ್ನೆಲ್ಲ ಆಮೇಲೆ ನೆಲದಡಿಯ ಕಾಲುವೆಗೆ ತಳ್ಳಿ ಮೇಲೆ ರಸ್ತೆ ಮಾಡಿದರಂತೆ.

ಇನ್ನೂರು ವರ್ಷಗಳ ಹಿಂದೆ ಅದು ಹಳ್ಳಿಯಂಥ ಸಣ್ಣ ಊರು. 1820ರ ದಶಕದಲ್ಲಿ ಅಲ್ಲಿನ ಸರಕಾರ ಇದು ಬಟ್ಟೆಯ ಊರಾಗಲಿ ಎಂದು ತೀರ್ಮಾನಿಸಿ ನೇಕಾರರನ್ನು ಕರೆಸಿ ಜಾಗ ಕೊಟ್ಟಿತು. ಜರ್ಮನ್ನರು ಬಂದರು, ಯಹೂದಿಗಳು ಬಂದರು, ಸುತ್ತಲಿನ ಹಳ್ಳಿಗಳಿಂದ ಪೋಲಿಷರು ಬಂದರು, ಆಳುವವರಾಗಿ ರಷ್ಯನ್ನರು ಇದ್ದರು. ನಾಲ್ಕು ಭಾಷೆಯಲ್ಲಿ ಬೈದಾಡಿಕೊಳ್ಳುತ್ತಿದ್ದ ಊರು ಎಂದು ಹಲಿನಾ ನಕ್ಕರು. ಊರಿನ ನಡುವೆ ನೂಲು ಹಿಡಿದು ಎಳೆದಂತೆ ನೆಟ್ಟಗೆ, ನಾಲ್ಕು ಕಿಲೋಮೀಟರಿಗೂ ಉದ್ದವಾದ ಒಂದು ರಸ್ತೆ. ಅದರ ಆಚೆ ಈಚೆ ಹೊಗೆ ಕೊಳವೆಗಳು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯ ಊರನ್ನು ಹಿಡಿದು ಹೆಸರನ್ನೇ ಬದಲಿಸಿತು. ಯಹೂದಿಗಳನ್ನೆಲ್ಲ ಒಂದು ಕೇರಿಯಲ್ಲಿ ಬೇಲಿ ಹಾಕಿ ಕೂಡಿಹಾಕಿತು, ಅವರಿಂದ ಸೈನಿಕರ ಬಟ್ಟೆ ಹೊಲಿಸಿಕೊಂಡಿತು, ಕೊನೆಗೆ ಕೊಲ್ಲಲು ರೈಲು ಹತ್ತಿಸಿತು. ಯುದ್ಧ ಮುಗಿದಾಗ ಕಟ್ಟಡಗಳು ಬಹುಪಾಲು ಹಾಗೇ ನಿಂತಿದ್ದವು, ಅವುಗಳಲ್ಲಿ ವಾಸವಿದ್ದವರಲ್ಲಿ ಬಹಳ ಮಂದಿ ಉಳಿದಿರಲಿಲ್ಲ.

ಆಮೇಲೆ ಗಿರಣಿಗಳು ಸರಕಾರದ್ದಾದವು. ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು, ಮೂರು ಪಾಳಿ. ಆಹಾರದ ಬೆಲೆ ಏರಿಸಿದ್ದಕ್ಕೆ 1971ರಲ್ಲಿ ಈ ಹೆಂಗಸರು ಯಂತ್ರ ನಿಲ್ಲಿಸಿ ಕುಳಿತರು. ಸರಕಾರ ಏರಿಸಿದ ಬೆಲೆಯನ್ನು ಇಳಿಸಬೇಕಾಯಿತು. ಕುಳಿತವರಲ್ಲಿ ಹಲಿನಾರ ತಾಯಿಯೂ ಒಬ್ಬರು. 1981ರಲ್ಲಿ ಅಂಗಡಿಗಳಲ್ಲಿ ತಿನ್ನಲು ಏನೂ ಸಿಗದಾದಾಗ ಅದೇ ಹೆಂಗಸರು ಮಕ್ಕಳನ್ನು ಕರೆದುಕೊಂಡು ಆ ಉದ್ದ ರಸ್ತೆಯಲ್ಲಿ ಮೆರವಣಿಗೆ ಹೋದರು. ಆಗ ಹಲಿನಾ ಹದಿನೆಂಟರ ಹುಡುಗಿ, ತಾಯಿಯ ಪಕ್ಕದಲ್ಲೇ ನಡೆದಿದ್ದರಂತೆ. ಸರಕಾರವನ್ನೇ ಬಗ್ಗಿಸಿದ ಊರು ಎಂದು ಹೇಳುವಾಗ ಅವರ ದನಿ ಏರಿತು. ತನ್ನೂರಿನ ಬಗ್ಗೆ ಇಷ್ಟು ಹೆಮ್ಮೆ ಇರುವ ಗೈಡನ್ನು ನಾನು ಕಂಡಿಲ್ಲ, ಕನ್ನಡಿಯಲ್ಲಿ ಒಬ್ಬನನ್ನು ಬಿಟ್ಟು.

ಇಳಕಲ್ ಮುಟ್ಟಿದಾಗ ಶೆಡ್ಡಿನಲ್ಲಿ ಇನ್ನೂ ಮಗ್ಗ ನಡೆದಿದ್ದವು. ಇಳಕಲ್ ಸೀರೆ ನೇಯುವುದು ಕುಣಿಮಗ್ಗದಲ್ಲಿ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ, ನೇಯುವವರು ಅದರ ಅಂಚಿಗೆ ಕುಳಿತು ಕಾಲನ್ನು ಒಳಗೆ ಇಳಿಬಿಟ್ಟು ತುಳಿಗೋಲು ತುಳಿಯುತ್ತಾರೆ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯ್ದು ಕಂಬಳಿ ನೇಯುವ ಮಂದಿ. ಶಿರೂರಿನ ನಮ್ಮ ಮನೆಯಲ್ಲಿ ಅಪ್ಪ ಇಂಥದೇ ಕುಣಿಯಲ್ಲಿ ಕಾಲಿಟ್ಟು ಕಂಬಳಿ ನೇಯುತ್ತಿದ್ದ, ಹಾಗಾಗಿ ನನಗೆ ಇದು ಹೊಸದಲ್ಲ. ನೀಲವ್ವ ಎಂಬ ನೇಕಾರ ಹೆಣ್ಣುಮಗಳು ನಮಗೆ ಚಹಾ ಕೊಟ್ಟಳು. ನೀವು ಮನೆಯಲ್ಲಿ ಯಾಕೆ ನೇಯುವುದಿಲ್ಲ ಎಂದು ಹಲಿನಾ ಕೇಳಿದರು, ನಾನು ಅನುವಾದಿಸಿದೆ.

“ನಮ್ಮದು ಬಾಡಗಿ ಮನಿ ಅದರಿ. ಬಾಡಗಿ ಮನ್ಯಾಗ ನೆಲಾ ಅಗೀತೇನಿ ಅಂದ್ರ ಮಾಲಕ ಸುಮ್ನ ಇರ್ತಾನೇನ್ರಿ? ಈ ಶೆಡ್ ಐತಿ ಅಂತ ನಾವು ನೇಕಾರ್ರು. ಇದು ಹೋತಂದ್ರ ಮಂದಿ ಮನಿ ಮುಸುರಿ ತಿಕ್ಕಾಕ ಹೋಗೂದ” ಎಂದಳು ನೀಲವ್ವ.

ಶೆಡ್ಡಿನಲ್ಲಿ ನೇಯುವ ಬಹುಪಾಲು ಹೆಂಗಸರ ಸ್ಥಿತಿ ಇದೇ. ಸ್ವಂತ ಮನೆಯಲ್ಲಿ ಕುಣಿ ಇದ್ದ ಸದಸ್ಯರಿಗೆ ಶೆಡ್ ಹೋದರೂ ನಷ್ಟವಿರಲಿಲ್ಲ, ಕಂಪನಿ ಸಂಘಕ್ಕೆ ಕೊಡುವ ಬಾಡಿಗೆಯಲ್ಲಿ ಪಾಲಿತ್ತು. ಅವರು ಎತ್ತುವ ಕೈಗಳ ಮೇಲೆಯೇ ಕಂಪನಿಯ ಭರವಸೆ.

ಗೋಡೆಗೆ ಕಂಪನಿಯವರು ದೊಡ್ಡ ಬ್ಯಾನರ್ ಕಟ್ಟಿದ್ದರು. ಮುಂದೆ ಶೆಡ್ ಹೇಗಾಗುತ್ತದೆ ಎಂಬ ಚಿತ್ರ. ಮುಖ ಕಾಣುವಂಥ ಟೈಲ್ಸು, ಗಾಜಿನ ಬಾಗಿಲು, ನಡುವೆ ನಾಲ್ಕು ಮಗ್ಗ, ಅವುಗಳ ಮುಂದೆ ಇಳಕಲ್ ಸೀರೆ ಉಟ್ಟ ನಾಲ್ವರು ಹೆಂಗಸರು ನಗುತ್ತ ಕುರ್ಚಿಯ ಮೇಲೆ ಕುಳಿತಿದ್ದಾರೆ. ಕೆಳಗೆ ‘ಯಾರ ಕೆಲಸವೂ ಹೋಗುವುದಿಲ್ಲ’ ಎಂದು ಬರೆದಿತ್ತು. ನಾನು ಕಂಪನಿಯ ಮ್ಯಾನೇಜರನ್ನು ಪಕ್ಕಕ್ಕೆ ಕರೆದು, “ಇದರಾಗ ಕುಣಿ ಎಲ್ಲೈತ್ರಿ?” ಎಂದೆ. ಬೆಂಗಳೂರಿನ ಕಡೆಯವನು, ವಯಸ್ಸು ಮೂವತ್ತೈದರ ಒಳಗೆ, ಮಾತು ಬೆಣ್ಣೆ.

“ಗುಂಡಿ ಇದ್ದರೆ ಪ್ರವಾಸಿಗಳು ಬೀಳ್ತಾರೆ ಸರ್. ಅಲ್ಲಿ ನಿಜವಾಗಿ ನೇಯೋದು ಏನೂ ಇರಲ್ಲ. ನೇಯೋ ಹಾಗೆ ಕಂಡರೆ ಸಾಕು” ಎಂದ.

ನನ್ನ ಮೈ ಉರಿದುಹೋಯಿತು. ನೀಲವ್ವನಂಥವಳು ಸೀರೆ ಉಟ್ಟು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಕುರ್ಚಿಯ ಮೇಲೆ ಕುಳಿತು ನೇಯ್ದ ಹಾಗೆ ಕೈ ಆಡಿಸಬೇಕು. ಅದೂ ನಾಲ್ವರಿಗೆ ಮಾತ್ರ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಆದರೆ ಅನುವಾದಕನಿಗೊಂದು ನಿಯಮವಿದೆ: ತನ್ನದನ್ನು ಸೇರಿಸಬಾರದು, ಅವರದನ್ನು ಬಿಡಬಾರದು. ಹಲ್ಲು ಕಚ್ಚಿಕೊಂಡು ಮೈಕಿನ ಬಳಿ ಹೋದೆ.

ಸಂಘದ ಅಧ್ಯಕ್ಷ ಸಂಗಪ್ಪ ನಾಲ್ಕು ಮಾತಾಡಿ ಕುಳಿತ ಮೇಲೆ ಹಲಿನಾ ಎದ್ದರು. ಕಂಪನಿಯ ಕ್ಯಾಮೆರಾ ಚಾಲೂ ಆಯಿತು. ಕಾರಿನಲ್ಲಿ ನನಗೆ ಹೇಳಿದ್ದನ್ನೇ ಚಿಕ್ಕದಾಗಿ ಹೇಳಿದರು. ಗಿರಣಿಯ ಕೆಂಪು ಗೋಡೆಗಳನ್ನು ಕೆಡವದೆ ಉಳಿಸಿದ್ದಾರೆ, ಈಗ ಅಲ್ಲಿ ಅಂಗಡಿ, ಸಿನೆಮಾ, ಹೋಟೆಲು, ದೂರದೂರದ ಜನ ನೋಡಲು ಬರುತ್ತಾರೆ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಕಂಪನಿಯವರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮ್ಯಾನೇಜರ್ ಎದ್ದು ನಿಂತ, ಮಾತು ಮುಗಿಯಿತೆಂದು. ಹಲಿನಾ ನಿಲ್ಲಿಸಲಿಲ್ಲ.

ಈಗ ಉಳಿದ ಅರ್ಧ ಹೇಳುತ್ತೇನೆ ಎಂದು ಮುಂದುವರಿಸಿದರು: 1989ರ ನಂತರ ಸರಕಾರ ಬದಲಾಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಹೆಂಗಸರು ಒಟ್ಟಿಗೇ ಮನೆಗೆ ಬಂದರು. ನನ್ನ ತಾಯಿಗೆ ಐವತ್ತು ದಾಟಿತ್ತು, ನೂಲು ತೆಗೆಯುವುದು ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಕಟ್ಟಡ ಉಳಿದದ್ದು ನನಗೆ ಸಂತೋಷವೇ. ಆದರೆ ಕಟ್ಟಡವನ್ನು ಏನು ಮಾಡಬೇಕು ಎಂದು ಎಷ್ಟೋ ಸಭೆಗಳಾದವು, ನನ್ನ ತಾಯಿಯನ್ನು ಏನು ಮಾಡಬೇಕು ಎಂದು ಒಂದು ಸಭೆಯೂ ಆಗಲಿಲ್ಲ.

ಮ್ಯಾನೇಜರ್ ನನ್ನ ಕಿವಿಯ ಬಳಿ ಬಂದ. “ಇದನ್ನ ಬಿಟ್ಟುಬಿಡಿ ಸರ್. ಅದು ಅವರ ಫ್ಯಾಮಿಲಿ ವಿಷಯ. ಧನ್ಯವಾದ ಹೇಳಿ ಮುಗಿಸಿ.”

ಎದುರಿಗೆ ನೀಲವ್ವ ಮಡಿಲಲ್ಲಿ ಕೈ ಇಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಅಲ್ಲಿದ್ದವರಲ್ಲಿ ಇಂಗ್ಲಿಷ್ ತಿಳಿಯುವವರು ನಾವು ಮೂರು ನಾಲ್ಕು ಜನ. ನಾನು ಬಾಯಿ ಮುಚ್ಚಿದರೆ ಆ ಊರಿನ ಅರ್ಧ ಅಲ್ಲೇ ಮುಚ್ಚಿಹೋಗುತ್ತಿತ್ತು. ಮೈಕ್ ಹಿಡಿದು ಹೇಳಿದೆ: “ಈ ಸಾಹೇಬ್ರು ಇದನ್ನ ಬಿಡ್ರಿ ಅನ್ನಾಕತ್ತಾರ. ನಾ ಬಿಡೂದಿಲ್ಲ. ಈ ಪೋಲೆಂಡಿನ ಬಾಯಾರು ಏನ್ ಹೇಳ್ಯಾರ, ಅಷ್ಟೂ ಹೇಳ್ತೇನಿ ಕೇಳ್ರಿ.” ಒಂದು ಮಾತೂ ಬಿಡದೆ ಹೇಳಿದೆ. ಮುಗಿಸಿ ಮೈಕನ್ನು ಕೆಳಗಿಟ್ಟು, “ಇನ್ನ ಇದು ನನ್ನ ಮಾತು, ಬಾಯಾರದಲ್ಲ. ಆ ಬ್ಯಾನರದಾಗ ಕುಣಿ ಎಲ್ಲೈತಿ ನೋಡ್ಕೋರಿ. ಕುಣಿ ಇಲ್ಲದ ಮಗ್ಗದಾಗ ಏನ್ ನೇಯ್ತೀರಿ ಅಂತ ಇವರನ್ನ ಕೇಳ್ರಿ” ಎಂದೆ. ದನಿ ಎಷ್ಟು ಏರಿತ್ತೆಂದರೆ ಹೊರಗೆ ನಿಂತಿದ್ದ ಡ್ರೈವರ್ ಜಗಳ ಹತ್ತಿತೆಂದು ಒಳಗೆ ಬಂದ.

ಎಲ್ಲರ ತಲೆ ಬ್ಯಾನರಿನ ಕಡೆ ತಿರುಗಿತು. ನೀಲವ್ವ ಅದನ್ನು ನೋಡಲಿಲ್ಲ. ಹಲಿನಾರನ್ನು ನೋಡಿ, “ನಿಮ್ಮ ಅವ್ವಾರು ಆ ಗಿರಣಿಗೆ ಮತ್ತ ಯಾವಾಗರೆ ಹೋಗಿದ್ರೇನ್ರಿ?” ಎಂದಳು.

ನಾನು ಅದನ್ನು ಇಂಗ್ಲಿಷಿಗೆ ತಂದೆ. ಒಮ್ಮೆ ನಾನೇ ಕರೆದುಕೊಂಡು ಹೋಗಿದ್ದೆ ಎಂದರು ಹಲಿನಾ. ತಾಯಿ ಏನೂ ಕೊಳ್ಳಲಿಲ್ಲ. ತನ್ನ ಯಂತ್ರವಿದ್ದ ಜಾಗ ಹುಡುಕಿಕೊಂಡು ಹೋಗಿ ನಿಂತರು, ಈಗ ಅಲ್ಲಿ ಚಪ್ಪಲಿ ಅಂಗಡಿ. ಸುಮ್ಮನೆ ನಿಂತೇ ಇದ್ದದ್ದು ಕಂಡು ಕಾವಲುಗಾರ ಹತ್ತಿರ ಬಂದು, ಏನಾದರೂ ತೆಗೆದುಕೊಳ್ಳುತ್ತೀರಾ, ಇಲ್ಲವಾದರೆ ದಾರಿ ಬಿಡಿ ಎಂದ. ಮರ್ಯಾದೆಯಿಂದಲೇ ಹೇಳಿದ ಎಂದು ಹಲಿನಾ ಸೇರಿಸಿದರು. ಅದನ್ನೂ ಕನ್ನಡದಲ್ಲಿ ಹೇಳಿದೆ.

ಮ್ಯಾನೇಜರ್ ಮುಂದೆ ಬಂದು, ಇವತ್ತು ಬರೀ ಮಾಹಿತಿ ಸಭೆ, ಕೈ ಎತ್ತುವುದು ಮುಂದಿನ ಸಲ ಎಂದ. ಬೆಳಿಗ್ಗೆ ಫೋನಿನಲ್ಲಿ ಅವನೇ ಇವತ್ತೇ ಕೈ ಎತ್ತಿಸುತ್ತೇವೆ ಎಂದಿದ್ದ. ಹೊರಗೆ ಬಂದ ಮೇಲೆ, “ನಿಮ್ಮ ಕೆಲಸ ಭಾಷೆ ಬದಲಿಸೋದು ಅಷ್ಟೇ ಸರ್, ಭಾಷಣ ಮಾಡೋದಲ್ಲ” ಎಂದ. “ಮಾತು ಬಿಡ್ರಿ ಅಂದವರು ಯಾರು, ನಾನೋ ನೀವೋ?” ಎಂದು ಕೇಳಿ ಕಾರು ಹತ್ತಿದೆ. ಹಲಿನಾಗೆ ನಡೆದದ್ದೆಲ್ಲ ಹೇಳಿದಾಗ, ಬರುವ ಮೊದಲು ಕಂಪನಿಯವರು ನಿಮ್ಮ ಊರಿನ ಕಥೆಯನ್ನೆಲ್ಲ ಹೇಳಿ ಎಂದಿದ್ದರು, ನಾನು ಅದನ್ನು ನಂಬಿದೆ ಎಂದರು. ಅವರಿಗೂ ಸಿಟ್ಟು ಬಂದಿತ್ತು. ಪೋಲಿಷಿನಲ್ಲಿ ಏನೋ ಅಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಎರಡು ತಿಂಗಳ ಮೇಲೆ ಸಂಗಪ್ಪ ಫೋನ್ ಮಾಡಿದ. ಕಂಪನಿಯವರು ಮತ್ತೆ ಸಭೆ ಕರೆದಿದ್ದಾರೆ, ಈ ಸಲ ಎಲ್ಲ ಸದಸ್ಯರೂ ಬರುತ್ತಾರೆ, ಮೊದಲ ಸಭೆಗೆ ಬಾರದವರೇ ಹೆಚ್ಚು ಎಂದ. ಕಂಪನಿಯವರು ನನ್ನನ್ನು ಕರೆದಿರಲಿಲ್ಲ. ಹೋಗಿ ಹಿಂದೆ ಗೋಡೆಗೆ ಒರಗಿ ನಿಂತೆ. ಬಿಳಿ ಪರದೆ ಇಳಿಬಿಟ್ಟು ವಿಡಿಯೊ ಹಾಕಿದರು. ಹಲಿನಾ ಮಾತಾಡುತ್ತಿದ್ದರು, ಮೇಲೆ ಯಾರೋ ಒಬ್ಬ ಹೆಣ್ಣುಮಗಳ ನಯವಾದ ಕನ್ನಡ. ಕೆಂಪು ಗೋಡೆ ಬಂತು, ಸಿನೆಮಾ ಬಂತು, ಪ್ರವಾಸಿಗಳು ಬಂದರು. ಉಳಿದ ಅರ್ಧ ಬರಲೇ ಇಲ್ಲ. ಕನ್ನಡದ ದನಿ ‘ಧನ್ಯವಾದಗಳು’ ಎಂದಿತು, ಸಂಗೀತ ಶುರುವಾಯಿತು. ವಿಡಿಯೊ ಕತ್ತರಿಸಿದವರು ಒಂದು ಗಳಿಗೆ ತಡಮಾಡಿದ್ದರು. ಸಂಗೀತದ ಅಡಿಯಲ್ಲಿ ಹಲಿನಾರ ತುಟಿಗಳು ಇನ್ನೂ ಅಲುಗುತ್ತಿದ್ದವು.

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಎದ್ದು ನಿಂತಿದ್ದಳು.

“ಆ ಬಾಯಾರು ಇನ್ನಾ ಮಾತಾಡಾಕತ್ತಾರ. ಯಾಕ ಬಂದ್ ಮಾಡಿದ್ರಿ?” ಎಂದಳು. ತಾಂತ್ರಿಕ ತೊಂದರೆ, ಅಷ್ಟೇ ಎಂದ ಮ್ಯಾನೇಜರ್. “ಇರಲಿ ಬಿಡ್ರಿ, ಉಳದದ್ದು ನಂಗ ಬರತೈತಿ” ಎಂದು ಅವಳು ಜನರ ಕಡೆ ತಿರುಗಿದಳು. “ಬಾಯಾರ ಅವ್ವ ಆ ಗಿರಣ್ಯಾಗ ನೂಲು ತಗೀತಿದ್ಲು. ಗಿರಣಿ ಮುಚ್ಚಿತು. ಅಕಿನ್ನ ಏನ್ ಮಾಡೂದು ಅಂತ ಯಾರೂ ಒಂದ್ ಸಭಾ ಮಾಡ್ಲಿಲ್ಲ...” ಕಾವಲುಗಾರನ ತನಕ ಪೂರ್ತಿ ಹೇಳಿದಳು. ಪೋಲೆಂಡ್ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಊರಿನ ಹೆಸರು ನಾಲಿಗೆಗೆ ಬಾರದೆ ‘ಆ ಊರು’ ಎಂದೇ ಹೇಳಿದಳು. ನಾನು ಅಂದು ಹೇಳಿದ್ದರಲ್ಲಿ ಒಂದು ಮಾತನ್ನೂ ಅವಳು ಉದುರಿಸಿರಲಿಲ್ಲ.

ಒಪ್ಪುವವರು ಕೈ ಎತ್ತಿ ಎಂದು ಸಂಗಪ್ಪ ಕೇಳಿದ. ಅಲ್ಲೊಂದು ಇಲ್ಲೊಂದು ಕೈ ಎದ್ದವು, ಅಕ್ಕಪಕ್ಕ ನೋಡಿ ಅವುಗಳಲ್ಲಿ ಕೆಲವು ಇಳಿದವು. ಮನೆಯಲ್ಲಿ ಕುಣಿ ಇದ್ದವರೂ ಕೈ ಕಟ್ಟಿ ಕುಳಿತಿದ್ದರು. ಶೆಡ್ ಉಳಿಯಿತು.

ಕಂಪನಿ ಸುಮ್ಮನೆ ಕುಳಿತಿಲ್ಲ, ಅದೇ ವಿಡಿಯೊ ಹಿಡಿದು ಬೇರೆ ಊರಿನಲ್ಲಿ ಬೇರೆ ಶೆಡ್ ಹುಡುಕುತ್ತಿದೆ ಎಂದು ಕೇಳಿದ್ದೇನೆ. ಅದು ನೆನಪಾದಾಗಲೆಲ್ಲ ರಕ್ತ ಕುದಿಯುತ್ತದೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಊರಿನ ಕಥೆ ಕೇಳುವವರು ಪ್ರವಾಸಿಗಳಾದರೆ ಅರ್ಧ ಹೇಳಿದರೂ ನಡೆಯುತ್ತದೆ, ಅವರು ಬಸ್ ಹತ್ತಿ ಹೋಗಿಬಿಡುತ್ತಾರೆ. ಆ ಕಥೆ ಕೇಳಿ ತಮ್ಮ ಅನ್ನದ ತೀರ್ಮಾನ ಮಾಡಬೇಕಾದವರು ಎದುರಿಗೆ ಕುಳಿತಿದ್ದರೆ, ಯಾವುದನ್ನು ಬಿಡು ಎಂದು ಕಿವಿಯಲ್ಲಿ ಹೇಳುತ್ತಾರೋ ಅದನ್ನೇ ಮೊದಲು, ಮೈಕಿನಲ್ಲಿ ಹೇಳಬೇಕು.